ಚಳಿ ನೀರಿನ ಟ್ರೌಟ್: ವೈಟ್‌ಫೀಲ್ಡ್, ಪೀಣ್ಯದ ಗಾಳಗಾರರಿಗೆ ಹತ್ತು ಸೂತ್ರಗಳು

ಐಟಿಪಿಎಲ್‌ನ ಕ್ಯಾಂಟೀನಿನಲ್ಲಾಗಲಿ, ಪೀಣ್ಯದ ಟೀ ಅಂಗಡಿಯ ಮುಂದಾಗಲಿ, ಗುಂಪಿಗೊಬ್ಬ ಗಾಳದ ಹುಚ್ಚಿನವನು ಸಿಕ್ಕೇ ಸಿಗುತ್ತಾನೆ. ವಾರವಿಡೀ ಕೋಡ್ ಬರೆದು ಅಥವಾ ಲೇತ್ ಮುಂದೆ ನಿಂತು, ರಾತ್ರಿ ಮಲಗುವ ಮುನ್ನ ಹಿಮಾಲಯದ ತೊರೆಯಲ್ಲಿ ಯಾರೋ ಟ್ರೌಟ್ ಹಿಡಿಯುವ ವಿಡಿಯೊ ನೋಡುತ್ತಾನೆ. ಡಿಸೆಂಬರ್ ಬಂತೆಂದರೆ ಅವನ ಕೈ ತುರಿಸುತ್ತದೆ. ಈ ಸೂತ್ರಗಳು ಅವನಿಗಾಗಿ, ಅವಳಿಗಾಗಿ.

ಮೊದಲೇ ಒಂದು ಮಾತು. ನಮ್ಮ ಕರ್ನಾಟಕದ ಹೊಳೆಗಳಲ್ಲಿ ಟ್ರೌಟ್ ನೆಲೆಸಿಲ್ಲ. ಅದು ಇಪ್ಪತ್ತು ಡಿಗ್ರಿ ದಾಟಿದ ನೀರಿನಲ್ಲಿ ಏದುಸಿರು ಬಿಡುವ ಮೀನು. ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಡೆಯದು. ಬ್ರಿಟಿಷರು ತಮ್ಮ ಊರಿನ ಚಪಲಕ್ಕೆ ಕಾಶ್ಮೀರ, ಕುಲು ಮತ್ತು ನೀಲಗಿರಿಯ ತಣ್ಣೀರಿಗೆ ತಂದು ಬಿಟ್ಟರು. ಆದ್ದರಿಂದ ಬೆಂಗಳೂರಿನವರಿಗೆ ಟ್ರೌಟ್ ಎಂದರೆ ಪ್ರಯಾಣ. ಪ್ರಯಾಣ ಎಂದರೆ ರಜೆ, ದುಡ್ಡು. ಎರಡೂ ಪೋಲಾಗಬಾರದು ಅಂತಿದ್ದರೆ ಗಾಳದ ಕೋಲಿಗಿಂತ ಮೊದಲು ನೀರನ್ನು ತಿಳಿಯಬೇಕು.

1. ಡಿಸೆಂಬರ್ ಟಿಕೆಟ್ ರದ್ದು ಮಾಡಿ

ಐಟಿ ಕಂಪನಿಗಳಲ್ಲಿ ವರ್ಷದ ಕೊನೆಗೆ ಕೋಡ್ ಫ್ರೀಜ್, ಎಲ್ಲರಿಗೂ ರಜೆ. ಚಂಡೀಗಢದ ವಿಮಾನ ಹಿಡಿಯಲು ಅದೇ ಸರಿಯಾದ ಹೊತ್ತು ಅನ್ನಿಸುತ್ತದೆ. ಆದರೆ ಹಿಮಾಚಲ ಪ್ರದೇಶದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ನೀರಿನಲ್ಲಿ ಗಾಳ ಹಾಕುವಂತಿಲ್ಲ. ಆ ನಾಲ್ಕು ತಿಂಗಳು ಮೀನು ಮೊಟ್ಟೆ ಇಡುವ ಕಾಲ. ಕಾಶ್ಮೀರದಲ್ಲೂ ಚಳಿಗಾಲಕ್ಕೆ ಬಾಗಿಲು ಹಾಕುತ್ತಾರೆ. 'ಲೋಕಲ್ ಹುಡುಗ ಗೊತ್ತಿದ್ದಾನೆ, ಅಡ್ಜಸ್ಟ್ ಮಾಡಿಸ್ತಾನೆ' ಎನ್ನುವವರ ಜೊತೆ ಹೋಗಬೇಡಿ. ನಿಮಗೆ ಬೀಳುವ ದಂಡದ ಮಾತು ಒಂದು ಕಡೆ ಇರಲಿ. ಮೊಟ್ಟೆ ತುಂಬಿದ ಹೆಣ್ಣು ಮೀನನ್ನು ಎಳೆದು ತಂದು ಫೋಟೊ ತೆಗೆಸಿಕೊಳ್ಳುವುದರಲ್ಲಿ ಆಟವೂ ಇಲ್ಲ, ಸೊಗಸೂ ಇಲ್ಲ.

ಹಾಗಾದರೆ ಚಳಿ ನೀರಿನ ಆಟ ಎಲ್ಲಿ? ಚಳಿಗಾಲದ ಎರಡು ಅಂಚುಗಳಲ್ಲಿ. ಒಂದು, ಮಾರ್ಚ್ ಮೊದಲ ವಾರಗಳು. ಕಾನೂನು ತೆರೆದಿರುತ್ತದೆ, ನೀರಿಗೆ ಮಾತ್ರ ಇನ್ನೂ ಜನವರಿಯ ಗುಂಗು. ಹೊಳೆ ತಗ್ಗಿ, ಗಾಜಿನಂತೆ ತಿಳಿಯಾಗಿರುತ್ತದೆ. ಇನ್ನೊಂದು, ಅಕ್ಟೋಬರ್. ಮಳೆಯ ಕೆಸರು ಇಳಿದಿರುತ್ತದೆ, ರಾತ್ರಿ ಚಳಿ ಶುರುವಾಗಿರುತ್ತದೆ. ಮೇ, ಜೂನ್‌ನಲ್ಲಿ ಹಿಮ ಕರಗಿ ಹೊಳೆ ಉಕ್ಕುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಳೆ. ನಡುವೆ ಹೋದವರು ಬೂದು ನೀರು ನೋಡಿ, ಮ್ಯಾಗಿ ತಿಂದು ವಾಪಸಾಗುತ್ತಾರೆ.

ಪೀಣ್ಯದವರಿಗೆ ಇಲ್ಲೊಂದು ಅನುಕೂಲವಿದೆ. ಆಯುಧಪೂಜೆಗೆ ಯಂತ್ರಕ್ಕೆ ಕುಂಬಳಕಾಯಿ ಒಡೆದು ಕಾರ್ಖಾನೆ ಮುಚ್ಚುವ ದಿನಗಳು ಹೆಚ್ಚಿನ ವರ್ಷ ಅಕ್ಟೋಬರಿಗೇ ಬೀಳುತ್ತವೆ. ಒಂದು ಎಚ್ಚರ: ನಮ್ಮ ದಸರಾ ಮುಗಿಯುವ ವಿಜಯದಶಮಿಯಂದು ಕುಲುವಿನ ದಸರಾ ಶುರುವಾಗಿ ಒಂದು ವಾರ ನಡೆಯುತ್ತದೆ. ಕುಲು ಪಟ್ಟಣದಲ್ಲಿ ರೂಮು ಸಿಗುವುದಿಲ್ಲ. ಔಟ್ ಎಂಬ ಊರಿನ ಬಳಿ ತಿರುಗಿ ಬಂಜಾರ್ ಕಡೆಯ ತೀರ್ಥನ್ ಕಣಿವೆಗೆ ಹೋಗಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಡೆಯಿಂದ ಇಳಿಯುವ ಹೊಳೆ ಅದು. ಆ ಉದ್ಯಾನ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಉದ್ಯಾನದ ಗಡಿಯ ಹೊರಗೆ, ಮೀನುಗಾರಿಕೆ ಇಲಾಖೆಯ ಪರವಾನಗಿ ಜೇಬಿನಲ್ಲಿಟ್ಟುಕೊಂಡು ಗಾಳ ಹಾಕಿ.

ಕಂಪನಿ ನಿಮ್ಮನ್ನು ಡೆನ್ವರ್‌ಗೆ ಆನ್‌ಸೈಟ್ ಕಳಿಸಿದ್ದರೆ ಬೇರೆ ಮಾತು. ಕೊಲರಾಡೊದಲ್ಲಿ ಬಹುತೇಕ ಟ್ರೌಟ್ ನೀರು ವರ್ಷವಿಡೀ ತೆರೆದಿರುತ್ತದೆ. ಸೌತ್ ಪ್ಲಾಟ್ ಹೊಳೆಯ ಅಣೆಕಟ್ಟಿನ ಕೆಳಗಿನ ಭಾಗಗಳಲ್ಲಿ ಜನವರಿಯಲ್ಲೂ ಜನ ನಿಂತಿರುತ್ತಾರೆ. ಜಲಾಶಯದ ತಳದಿಂದ ಬರುವ ನೀರು ಹೊರಗಿನ ಚಳಿಗೆ ಹೆಪ್ಪುಗಟ್ಟದೇ ಹರಿಯುವುದೇ ಅದಕ್ಕೆ ಕಾರಣ. ಅಲ್ಲಿಯೂ ಲೈಸೆನ್ಸ್ ಕಡ್ಡಾಯ.

2. ಅಲಾರಂ ಆರಿಸಿ ಮಲಗಿ

ಗಾಳದವರೆಲ್ಲ ನಾಲ್ಕು ಗಂಟೆಗೆ ಏಳಬೇಕು ಎಂಬುದು ನಮ್ಮ ಕೆರೆ, ಹೊಳೆಯ ಪಾಠ. ಇಲ್ಲಿ ಬಿಸಿಲೇರಿದರೆ ಮೀನು ಆಳಕ್ಕಿಳಿಯುತ್ತದೆ, ಆದ್ದರಿಂದ ನಸುಕು ಮತ್ತು ಮುಸ್ಸಂಜೆ. ಚಳಿಯ ಬೆಟ್ಟದ ತೊರೆಯಲ್ಲಿ ಲೆಕ್ಕ ತಿರುಗುಮುರುಗು. ಮೀನಿಗೆ ಮೈಬಿಸಿ ಎಂಬುದಿಲ್ಲ, ನೀರೆಷ್ಟು ಬೆಚ್ಚಗೋ ಮೀನೂ ಅಷ್ಟೇ. ನಸುಕಿನಲ್ಲಿ ನೀರು ದಿನದಲ್ಲೇ ಅತಿ ತಣ್ಣಗಿರುತ್ತದೆ, ಮೀನಿನ ಜೀರ್ಣಶಕ್ತಿ ಹೆಚ್ಚುಕಡಿಮೆ ನಿಂತಿರುತ್ತದೆ. ಹನ್ನೊಂದು ಗಂಟೆಯಿಂದ ಮೂರರವರೆಗೆ ನಿಮ್ಮ ಹೊತ್ತು. ಸಿಲ್ಕ್‌ಬೋರ್ಡ್ ಜಂಕ್ಷನ್‌ನಲ್ಲಿ ವರ್ಷಗಟ್ಟಲೆ ನಿದ್ದೆ ಕಳೆದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

3. ರೀಲಿಗಿಂತ ಮೊದಲು ಥರ್ಮಾಮೀಟರ್ ಕೊಳ್ಳಿ

ಇಡೀ ಪಟ್ಟಿಯಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳಲು ಆಗುವುದಾದರೆ ಇದನ್ನು ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ದುಬಾರಿ ಕೋಲು, ದುಬಾರಿ ರೀಲು, ನೀರು ತೋರಿಸುವ ಕನ್ನಡಕ ಎಲ್ಲ ಕೊಳ್ಳುತ್ತಾರೆ. ದಾರಕ್ಕೆ ಕಟ್ಟಿ ನೀರಿಗೆ ಇಳಿಬಿಡುವ ಅಗ್ಗದ ಥರ್ಮಾಮೀಟರ್ ಮಾತ್ರ ಯಾರ ಬ್ಯಾಗಿನಲ್ಲೂ ಇರುವುದಿಲ್ಲ.

ಸ್ಥೂಲ ಲೆಕ್ಕ ಹೀಗಿದೆ. ನೀರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಟೀ ಕುಡಿಯಿರಿ. 4ರಿಂದ 7ರ ನಡುವೆ ಮೀನು ತಿನ್ನುತ್ತದೆ, ಆದರೆ ಬಾಯಿ ಮುಂದೆ ಬಂದದ್ದನ್ನು ಮಾತ್ರ. 7 ದಾಟಿದರೆ ಚಲನೆ ಶುರು. 10ರಿಂದ 16 ಅದರ ಹಬ್ಬದೂಟದ ಹೊತ್ತು. 20ರ ಹತ್ತಿರ ಬಂದರೆ ಗಾಳ ಎತ್ತಿಬಿಡಿ, ಆಗ ಹಿಡಿದು ಬಿಟ್ಟ ಮೀನೂ ಬದುಕುವುದು ಕಷ್ಟ. ಇದಕ್ಕೆ ಆಮ್ಲಜನಕದ ಕಾರಣವಿದೆ. ಸಮುದ್ರಮಟ್ಟದ ಲೆಕ್ಕದಲ್ಲಿ ಒಂದು ಲೀಟರ್ ನೀರು ಸೊನ್ನೆ ಡಿಗ್ರಿಯಲ್ಲಿ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಕರಗಿಸಿಕೊಳ್ಳಬಲ್ಲದು, 10 ಡಿಗ್ರಿಯಲ್ಲಿ 11.3, 20 ಡಿಗ್ರಿಯಲ್ಲಿ 9ರ ಆಸುಪಾಸು. ಚಳಿ ನೀರಿನಲ್ಲಿ ಮೀನಿಗೆ ಉಸಿರಿನ ಕೊರತೆಯಿಲ್ಲ. ಕೊರತೆ ಇರುವುದು ಹಸಿವಿಗೆ.

ಅಂಕಿಗಿಂತ ಮುಖ್ಯ ಅದರ ದಿಕ್ಕು. ಮೂರು ದಿನದಿಂದ 6 ಡಿಗ್ರಿಯಲ್ಲೇ ನಿಂತ ನೀರು, ನಿನ್ನೆ 9 ಇದ್ದು ಇವತ್ತು 6ಕ್ಕೆ ಬಿದ್ದ ನೀರಿಗಿಂತ ಎಷ್ಟೋ ಮೇಲು. ಬೀಳುವ ಉಷ್ಣತೆ ಮೀನಿನ ಬಾಯಿಗೆ ಬೀಗ ಹಾಕುತ್ತದೆ. ರಾತ್ರಿ ಮೋಡವಿದ್ದರೆ ಬೆಳಗಿನ ನೀರು ಅಷ್ಟಾಗಿ ತಣಿದಿರುವುದಿಲ್ಲ. ನಕ್ಷತ್ರ ಫಳಫಳಿಸಿದ ರಾತ್ರಿಯ ಮರುದಿನ ತಡವಾಗಿ ಹೊರಡಿ.

ಮಾರ್ಚ್‌ನಲ್ಲಿ ಹೊಸಬರು ಬೀಳುವ ಒಂದು ಬಲೆ ಇದೆ. ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಜಾಕೆಟ್ ಬಿಚ್ಚುತ್ತೀರಿ, ಇನ್ನು ಮೀನು ಎದ್ದಿತು ಅಂದುಕೊಳ್ಳುತ್ತೀರಿ. ಅದೇ ಬಿಸಿಲು ಮೇಲಿನ ಇಳಿಜಾರಿನ ಹಿಮವನ್ನೂ ಕರಗಿಸುತ್ತಿರುತ್ತದೆ. ಆ ನೀರು ಹೊಳೆಗೆ ಸೇರಿ ನಿಮ್ಮ ಕಾಲ ಬಳಿ ಬರುವ ಹೊತ್ತಿಗೆ ಗಾಳಿ ಬೆಚ್ಚಗಾಗಿ ಹೊಳೆ ತಣ್ಣಗಾಗಿರುತ್ತದೆ. ಗಂಟೆಗೊಮ್ಮೆ ಅಳೆಯಿರಿ. ಅಂಕಿ ಇಳಿಯಿತೋ, ಹಿಮದ ನೀರು ಸೇರದ ಪಕ್ಕದ ಹಳ್ಳ ಹುಡುಕಿ. ಬುಗ್ಗೆ ನೀರು ಸೇರುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ನೆಲದಡಿಯ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಚಳಿಯಲ್ಲಿ ಅದೇ ಮೀನಿನ ಬಚ್ಚಲು ಒಲೆ.

4. ಬಿಳಿ ನೊರೆ ಬಿಡಿ, ಮಡು ಹಿಡಿಯಿರಿ

ಬೇಸಿಗೆಯಲ್ಲಿ ಟ್ರೌಟ್ ನೊರೆಯೇಳುವ ಸೆಳವಿನಲ್ಲಿ ನಿಲ್ಲುತ್ತದೆ. ಚಳಿಯಲ್ಲಿ ಸೆಳವಿನ ವಿರುದ್ಧ ಈಜುವುದು ಅದಕ್ಕೆ ನಷ್ಟದ ವ್ಯಾಪಾರ. ತಿಂದದ್ದಕ್ಕಿಂತ ಖರ್ಚು ಹೆಚ್ಚು. ನಿಧಾನ ಹರಿಯುವ ಆಳದ ಮಡು, ದೊಡ್ಡ ಬಂಡೆಯ ಹಿಂದಿನ ನೆರಳು, ವೇಗದ ನೀರೂ ನಿಂತ ನೀರೂ ಸೇರುವ ಗೆರೆ ನೋಡಿ. ಪೂರ್ವ ಪಶ್ಚಿಮವಾಗಿ ಹರಿಯುವ ಕಣಿವೆಯಲ್ಲಿ ಹೊಳೆಯ ಉತ್ತರ ದಡಕ್ಕೆ ಬಿಸಿಲು ಹೆಚ್ಚು, ಅಲ್ಲಿಂದ ಶುರು ಮಾಡಿ. ಒಂದು ಮೀನು ಸಿಕ್ಕ ಕಡೆ ನಿಲ್ಲಿ. ಚಳಿಯಲ್ಲಿ ಅವು ಗುಂಪಾಗಿರುತ್ತವೆ.

5. ಸಣ್ಣದು, ನಿಧಾನ, ತಳಕ್ಕೆ

ಚಳಿಯಲ್ಲಿ ತೊರೆಯ ಊಟದ ಬಟ್ಟಲಿನಲ್ಲಿ ಉಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ನೊಣದ ಮರಿಗಳು. ಆದ್ದರಿಂದ ಕೃತಕ ನೊಣವೂ ಸಣ್ಣದಿರಲಿ, 18ರಿಂದ 22ರ ಅಳತೆಯ ಗಾಳ ಸಾಕು. ಗಾಳದ ಅಂಕಿ ಏರಿದಷ್ಟೂ ಗಾತ್ರ ಇಳಿಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಮರೆಯಬೇಡಿ. ನೀರು ತಿಳಿಯಾಗಿರುವುದರಿಂದ ತೆಳು ದಾರ. ತಳದ ಕಲ್ಲನ್ನು ಆಗಾಗ ತಾಕುವಷ್ಟು ಭಾರ. ತಾಕದಿದ್ದರೆ ಮೀನಿನ ತಲೆ ಮೇಲೆ ಹಾದುಹೋಗುತ್ತಿದ್ದೀರಿ ಎಂದರ್ಥ.

ಇಲ್ಲಿ ಜಗ್ಗುವ ಕಡಿತವನ್ನು ಕಾಯಬೇಡಿ. ತೇಲುವ ಬೆಂಡು ಅರೆಕ್ಷಣ ತಡೆದಂತಾದರೆ ಸಾಕು, ಕೋಲೆತ್ತಿ. ಹತ್ತರಲ್ಲಿ ಏಳು ಸಲ ಕಲ್ಲಿರಬಹುದು, ಇರಲಿ. ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಬಿಡಿ. ಚಳಿಯ ಮೀನು ಎರಡಡಿ ಪಕ್ಕಕ್ಕೂ ಬರಲು ಒಪ್ಪುವುದಿಲ್ಲ, ನೀವೇ ಅದರ ಬಾಗಿಲಿಗೆ ಊಟ ತಲುಪಿಸಬೇಕು.

6. ಬೆಳ್ಳಗೆ ತೊಳೆದಂತಿರುವ ಜಲ್ಲಿಗೆ ಕಾಲಿಡಬೇಡಿ

ಪಾಚಿ ಹಿಡಿದ ತಳದ ನಡುವೆ ಒಂದು ತಟ್ಟೆ, ಎರಡು ತಟ್ಟೆಯಗಲ ಜಲ್ಲಿ ಹೊಳೆಯುತ್ತಿದ್ದರೆ ಅದು ಗೂಡು. ಹೆಣ್ಣು ಟ್ರೌಟ್ ಬಾಲದಿಂದ ತೋಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚಿರುತ್ತದೆ. 10 ಡಿಗ್ರಿ ನೀರಿನಲ್ಲಿ ರೇನ್‌ಬೋ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು ಬೇಕು, 5 ಡಿಗ್ರಿಯಲ್ಲಿ ಅದರ ಎರಡರಷ್ಟು. ಮಾರ್ಚ್‌ನಲ್ಲಿ ನಿಮ್ಮ ಬೂಟಿನಡಿ ಒಂದು ಸಂಸಾರವೇ ಇರಬಹುದು. ಸಾಧ್ಯವಾದಷ್ಟು ದಡದಿಂದಲೇ ಗಾಳ ಹಾಕಿ.

7. ಜೀನ್ಸ್ ಮನೆಯಲ್ಲಿರಲಿ

ಒದ್ದೆ ಹತ್ತಿ ಬಟ್ಟೆ ಮೈಬಿಸಿ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಒಳಉಡುಪು, ಅದರ ಮೇಲೆ ಗಾಳಿ ತಡೆಯುವ ಪದರ, ಬ್ಯಾಗಿನಲ್ಲಿ ಇನ್ನೊಂದು ಜೊತೆ ಒಣ ಬಟ್ಟೆ. ನೀರಿಗಿಳಿಯುವ ರಬ್ಬರ್ ಪ್ಯಾಂಟು ತೊಟ್ಟರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ, ಬಿದ್ದರೆ ಒಳಗೆ ನೀರು ತುಂಬುವುದನ್ನು ಅದು ತಡೆಯುತ್ತದೆ. ಮೊಣಕಾಲಿಗಿಂತ ಆಳಕ್ಕೆ ಒಬ್ಬರೇ ಇಳಿಯಬೇಡಿ. 5 ಡಿಗ್ರಿ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರೇ ಹಿಡಿತ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಬೆರಳು ಮಾತು ಕೇಳುವುದಿಲ್ಲ.

ಬೆರಳಿನ ವಿಷಯಕ್ಕೆ ಒಂದು ಮನೆಪಾಠ. ಐಸ್ ತುಂಬಿದ ಬಕೆಟ್‌ನಲ್ಲಿ ಎರಡು ನಿಮಿಷ ಕೈ ಅದ್ದಿ, ಆಮೇಲೆ ಗಾಳದ ಗಂಟು ಹಾಕಿ ನೋಡಿ. ಆಗಲಿಲ್ಲವಾದರೆ ನಿಮಗೆ ಆ ಗಂಟು ಬರುವುದಿಲ್ಲ, ಅಷ್ಟೇ. ಎಸೆತದ ಅಭ್ಯಾಸಕ್ಕೆ ನೀರೇ ಬೇಕಿಲ್ಲ. ಅಪಾರ್ಟ್‌ಮೆಂಟಿನ ತಾರಸಿ ಅಥವಾ ಲೇಔಟಿನ ಖಾಲಿ ಸೈಟು ಸಾಕು, ಗಾಳದ ಬದಲು ತುದಿಗೊಂದು ಉಣ್ಣೆ ಚೂರು ಕಟ್ಟಿ. ಸೆಕ್ಯುರಿಟಿಯವರಿಗೆ ಮೊದಲೇ ಹೇಳಿಬಿಡಿ.

8. ಅಣೆಕಟ್ಟಿನ ಕೆಳಗೆ ಕಿವಿ ತೆರೆದಿರಲಿ

ಇದು ಮೀನಿನ ಸೂತ್ರವಲ್ಲ, ಜೀವದ್ದು. 2014ರ ಜೂನ್ 8ರಂದು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ಹೊಳೆಯ ಬಂಡೆಗಳ ಮೇಲೆ ಫೋಟೊ ತೆಗೆದುಕೊಳ್ಳುತ್ತಿದ್ದಾಗ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಅವರನ್ನು ಕೊಚ್ಚಿಕೊಂಡು ಹೋಯಿತು. 24 ವಿದ್ಯಾರ್ಥಿಗಳು ಸತ್ತರು. ತೀರ್ಥನ್ ಹೊಳೆ ಬಿಯಾಸ್ ಸೇರುವುದು ಇದೇ ಲಾರ್ಜಿಯ ಹತ್ತಿರ. ಚಳಿಯಲ್ಲಿ ಹೊಳೆ ಬತ್ತಿದಂತೆ ಕಂಡು ನಡುಬಂಡೆಗೆ ಹೋಗುವ ಆಸೆಯಾಗುತ್ತದೆ. ಮೇಲೆ ಜಲವಿದ್ಯುತ್ ಘಟಕ ಇದ್ದರೆ ಬೇಡಿಕೆ ಏರಿದ ಹೊತ್ತಿಗೆ ನೀರೂ ಏರುತ್ತದೆ. ಊರವರನ್ನು ಕೇಳದೆ ನಡುಹೊಳೆಗೆ ಹೋಗಬೇಡಿ. ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ, ಅದು ಒದ್ದೆಯಾದರೆ ಕೋಲು ಬಿಟ್ಟಾದರೂ ಮೇಲಕ್ಕೆ ಬನ್ನಿ.

9. ನೀಲಗಿರಿಗೆ ಕಾರು ತಿರುಗಿಸುವ ಮುನ್ನ

ಎಲೆಕ್ಟ್ರಾನಿಕ್ ಸಿಟಿಯವರು ಕೇಳುವ ಪ್ರಶ್ನೆ ಇದು: ಅಷ್ಟು ದೂರ ಯಾಕೆ, ಊಟಿ ಇಲ್ಲವೇ? ಇದೆ. ಮದ್ರಾಸ್ ಸರ್ಕಾರದ ಮೀನು ತಜ್ಞ ಎಚ್. ಸಿ. ವಿಲ್ಸನ್ 1907ರಲ್ಲಿ ಅವಲಾಂಚಿಯಲ್ಲಿ ಟ್ರೌಟ್ ಮರಿಕೇಂದ್ರ ಕಟ್ಟಿದ. ರೇನ್‌ಬೋ ಅಲ್ಲಿನ ತೊರೆಗಳಲ್ಲಿ ನೆಲೆಸಿತು. ಡಿಸೆಂಬರ್, ಜನವರಿಯ ಬೆಳಗು ಹುಲ್ಲುಗಾವಲಿನ ಮೇಲೆ ಹಿಮಮಣಿ ಬಿದ್ದಿರುವುದನ್ನು ನೋಡಿದವರಿಗೆ ದಕ್ಷಿಣದಲ್ಲೂ ಚಳಿ ನೀರು ಹೇಗಿರುತ್ತದೆಂಬುದು ಗೊತ್ತು.

ಆದರೆ ಆ ತೊರೆಗಳು ಹೆಚ್ಚಾಗಿ ಕಾಯ್ದಿಟ್ಟ ಅರಣ್ಯದಲ್ಲೋ ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲೋ ಹರಿಯುತ್ತವೆ. ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡುವಂತಿಲ್ಲ, ಗಾಳದ ಮಾತು ದೂರ. ನನ್ನನ್ನು ಕೇಳಿದರೆ ಅದು ಸರಿಯೇ. ಶೋಲಾ ಕಾಡಿನ ನೀರಿಗೆ ಹೊರಗಿನ ಮೀನನ್ನು ಬಿಟ್ಟದ್ದೇ ಸಾಕು, ಅದರ ಹಿಂದೆ ನಾವೂ ನುಗ್ಗುವುದು ಬೇಡ. ಆದರೂ ನೋಡಲು ಹೋಗುವವರಿಗೆ ಎರಡು ವಿಷಯ. ಶುಕ್ರವಾರ ಸಂಜೆಯ ಪಾಳಿ ಮುಗಿಸಿ ಹೊರಟರೆ ಬಂಡೀಪುರದಲ್ಲಿ ಸಿಕ್ಕಿಬೀಳುತ್ತೀರಿ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಆ ದಾರಿ ಬಂದ್. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ವ್ಯವಸ್ಥೆಯೂ ಬಂದಿದೆ.

10. ಮನೆಯ ಹೊಳೆಯಲ್ಲಿ ಕಣ್ಣು ಪಳಗಿಸಿ

ಹಿಮಾಲಯಕ್ಕೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಉಳಿದ ದಿನ ನೀರು ಓದುವ ಅಭ್ಯಾಸ ಎಲ್ಲಿ? ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನ ಕಾವೇರಿಯಲ್ಲಿ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಎಂಬ ಹೆಸರುಗಳನ್ನು ಪ್ರಪಂಚದ ಗಾಳಗಾರರೆಲ್ಲ ಒಂದು ಕಾಲದಲ್ಲಿ ಜಪಿಸುತ್ತಿದ್ದರು. ಮಹಶೀರ್ ಮೀನಿಗೆ ಅಲ್ಲಿ ಚಳಿಗಾಲವೇ ಹಂಗಾಮು, ಡಿಸೆಂಬರ್ ನಂತರ ನೀರಿಳಿದು ತಿಳಿಯಾದಾಗ ರಾಗಿ ಹಿಟ್ಟಿನ ಉಂಡೆ ಗಾಳಕ್ಕೇರುತ್ತಿತ್ತು. ಮೈಸೂರಿನ ಗಾಳಗಾರ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಟ್ರೌಟ್ ಹಿಡಿದು ಬೀಗುವವರು ಇದನ್ನು ಒಮ್ಮೆ ಕೇಳಿಸಿಕೊಳ್ಳಲಿ.

ಆ ಭಾಗ ಕಾವೇರಿ ವನ್ಯಜೀವಿ ಧಾಮದೊಳಗಿದೆ. 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ನಿಂತಿತು. ಕಾವೇರಿಯ ಗೂನುಬೆನ್ನಿನ ಮಹಶೀರ್ ಅನ್ನು 2018ರಲ್ಲಿ ಐಯುಸಿಎನ್ ತನ್ನ ಕೆಂಪುಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನ ವರ್ಗಕ್ಕೆ ಸೇರಿಸಿದೆ. ಹಾಗಾಗಿ ಕೋಲು ಬೇಡ, ಕಣ್ಣು ಸಾಕು. ಭೀಮೇಶ್ವರಿಯ ದಡದಲ್ಲಿ ಕುಳಿತು ಸೆಳವು ಎಲ್ಲಿ ಒಡೆಯುತ್ತದೆ, ಮಡು ಎಲ್ಲಿ ಶುರುವಾಗುತ್ತದೆ, ನೊರೆಯ ಗೆರೆ ಎಲ್ಲಿಗೆ ಒಯ್ಯುತ್ತದೆ ಎಂದು ನೋಡಿ. ಟ್ರೌಟ್ ತೊರೆಯ ವ್ಯಾಕರಣವೂ ಅದೇ. ಸಂಗಮ, ಮೇಕೆದಾಟಿನಲ್ಲಿ ಮಾತ್ರ ನೀರಿಗಿಳಿಯಬೇಡಿ, ಅಲ್ಲಿನ ಸುಳಿಗಳು ಪ್ರತಿವರ್ಷ ನಗರದ ಹುಡುಗರನ್ನು ನುಂಗುತ್ತವೆ.

ಗಾಳ ಹಾಕಲೇಬೇಕು ಎನ್ನುವವರು ನಗರದಂಚಿನ ಕೆರೆಗಳಿಗೆ ಹೋಗಬಹುದು. ಆದರೆ ಬಹಳಷ್ಟು ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಟ್ಟಿರುತ್ತದೆ, ಗುತ್ತಿಗೆದಾರರನ್ನೋ ಸಹಕಾರ ಸಂಘದವರನ್ನೋ ಕೇಳಿ ಹಾಕಿ. ವರ್ತೂರಿನ ನೊರೆ ನೋಡಿದವರಿಗೆ ಎಲ್ಲಿ ಹಾಕಬಾರದು ಎಂದು ಹೇಳಬೇಕಾಗಿಲ್ಲ.

ಆ ನೊರೆ ವರ್ತೂರಿನಲ್ಲೇ ನಿಲ್ಲುವುದಿಲ್ಲ, ದಕ್ಷಿಣ ಪಿನಾಕಿನಿಯಾಗಿ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಹೋಗುತ್ತದೆ. ಪೀಣ್ಯದ ಚರಂಡಿಯ ನೀರು ವೃಷಭಾವತಿ ಸೇರುತ್ತದೆ. ವೃಷಭಾವತಿ ಬೈರಮಂಗಲದ ಮೇಲೆ ಹಾದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಆ ದಾರಿಯುದ್ದಕ್ಕೂ ನೀರಿನ ಉಸಿರು ಮೊದಲೇ ತಿಂದುಹೋಗಿರುತ್ತದೆ. ಅಂಥ ನೀರು ಬಂದು ಸೇರುವುದು ಮಹಶೀರ್‌ನ ಕೊನೆಯ ಮಡುಗಳಿರುವ ಹೊಳೆಗೆ. ಪೀಣ್ಯದಲ್ಲಿ ಕೆಲಸ ಮಾಡುವ ಗಾಳಗಾರರೇ, ನಿಮ್ಮ ಕಾರ್ಖಾನೆಯ ಕೊಳಚೆ ಶುದ್ಧೀಕರಣ ಘಟಕ ತಪಾಸಣೆಯ ದಿನ ಮಾತ್ರ ಓಡುತ್ತದೆಯೇ, ರಾತ್ರಿ ಪಾಳಿಯಲ್ಲೂ ಓಡುತ್ತದೆಯೇ? ಸೋಮವಾರ ಕೆಲಸಕ್ಕೆ ಹೋದಾಗ ಒಮ್ಮೆ ನೋಡಿ ಬನ್ನಿ.